ಮೇಡ್ ಇನ್ ಜಪಾನ್: ಜಗುಲಿಯಲ್ಲಿ ಕುಳಿತು ಪೂರ್ತಿಯಾಗಿ ಕೇಳುವ ಕ್ರಮ

ಶಿರಸಿಯ ಸುತ್ತಲಿನ ಹಳ್ಳಿಗಳಲ್ಲಿ ಮಳೆ ಹಿಡಿದ ಮೇಲೆ ಯಕ್ಷಗಾನ ಮೇಳಗಳ ತಿರುಗಾಟ ನಿಂತು, ತಾಳಮದ್ದಳೆಯ ಕೂಟಗಳು ಆರಂಭವಾಗುತ್ತವೆ. ವೇಷವಿಲ್ಲ, ಕುಣಿತವಿಲ್ಲ, ಜಗುಲಿಯ ಮೇಲೆ ಭಾಗವತರು, ಮದ್ದಳೆಯವರು ಮತ್ತು ಅರ್ಥ ಹೇಳುವ ನಾಲ್ಕೈದು ಜನ ಕುಳಿತಿರುತ್ತಾರೆ. ಪದ್ಯಗಳು ಪ್ರಸಂಗದ ಪುಸ್ತಕದಲ್ಲಿ ಅಚ್ಚಾಗಿರುತ್ತವೆ, ಕೇಳುವವರಲ್ಲಿ ಅರ್ಧ ಜನರಿಗೆ ಬಾಯಿಪಾಠವೂ ಆಗಿರುತ್ತವೆ. ಆದರೆ ಅರ್ಥ, ಎಂದರೆ ಪದ್ಯವನ್ನು ಹಿಡಿದು ಅಲ್ಲಿಯೇ ಹೊಳೆದಂತೆ ಆಡುವ ಮಾತು, ಆ ರಾತ್ರಿಗೆ ಮಾತ್ರ ಸೇರಿದ್ದು. ಇಂಗ್ಲೆಂಡಿನ ಹಾರ್ಡ್ ರಾಕ್ ತಂಡವಾದ ಡೀಪ್ ಪರ್ಪಲ್ 1972ರಲ್ಲಿ ಹೊರತಂದ ‘ಮೇಡ್ ಇನ್ ಜಪಾನ್’ ಎಂಬ ಸಂಗೀತ ಕಚೇರಿಯ ಆಲ್ಬಂ ನನಗೆ ಹಿಡಿತಕ್ಕೆ ಸಿಕ್ಕಿದ್ದು ಈ ರೂಢಿಯ ಮೂಲಕವೇ. ಅದಕ್ಕೂ ಮೊದಲು ಹಲವು ವರ್ಷ ಅದನ್ನು ಒಂದೊಂದೇ ಹಾಡಾಗಿ, ಬಸ್ಸಿನಲ್ಲಿ, ಅಡಕೆ ಸುಲಿಯುವಾಗ, ಅರೆಗಿವಿಯಿಂದ ಕೇಳಿ, ಇಷ್ಟು ದೀರ್ಘವಾಗಿ ಇವರೇಕೆ ನುಡಿಸುತ್ತಾರೆಂದು ಬೇಸರಪಟ್ಟುಕೊಂಡಿದ್ದೆ. ಅದೇ ಬೇಸರದಿಂದ ಈ ಆಲ್ಬಮನ್ನು ಬದಿಗಿಟ್ಟವರು ಇನ್ನೊಮ್ಮೆ ಹೇಗೆ ಕೇಳಬಹುದೆಂಬುದನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ.

ಕೇಳುವ ಮೊದಲು ಹಿನ್ನೆಲೆ ಸ್ವಲ್ಪ ತಿಳಿದಿರಬೇಕು. ಆಗ ತಂಡದಲ್ಲಿದ್ದವರು ಐವರು: ಹಾಡುಗಾರ ಇಯಾನ್ ಗಿಲನ್, ಗಿಟಾರಿನ ರಿಚಿ ಬ್ಲ್ಯಾಕ್‌ಮೋರ್, ಹ್ಯಾಮಂಡ್ ಆರ್ಗನ್ ಎಂಬ ವಿದ್ಯುತ್ ಕೀಲಿಮಣೆ ವಾದ್ಯದ ಜಾನ್ ಲಾರ್ಡ್, ಬೇಸ್ ಗಿಟಾರಿನ ರೋಜರ್ ಗ್ಲೋವರ್ ಮತ್ತು ಡ್ರಮ್ಸ್‌ನ ಇಯಾನ್ ಪೇಸ್. ಐವರಲ್ಲಿ ಹಿರಿಯರಾದ ಲಾರ್ಡ್ ಅವರಿಗೆ 31 ವರ್ಷ, ಕಿರಿಯರಾದ ಪೇಸ್ ಅವರಿಗೆ 24. ಕಚೇರಿಯ ಆಲ್ಬಂ ಹೊರತರುವ ಉತ್ಸಾಹ ತಂಡಕ್ಕೇನೂ ಇರಲಿಲ್ಲ. ಜಪಾನಿನ ಧ್ವನಿಮುದ್ರಣ ಸಂಸ್ಥೆ ಕೇಳಿಕೊಂಡಾಗ, ಮುದ್ರಣದ ಮೇಲೆ ತಮ್ಮದೇ ಹಿಡಿತವಿರಬೇಕೆಂಬ ಷರತ್ತಿನೊಡನೆ ಒಪ್ಪಿದರು. ತಮ್ಮ ಎಂಜಿನಿಯರ್ ಮಾರ್ಟಿನ್ ಬರ್ಚ್ ಅವರನ್ನು ಜೊತೆಗೆ ಕರೆದೊಯ್ದರು. 1972ರ ಆಗಸ್ಟ್ 15 ಮತ್ತು 16ರಂದು ಒಸಾಕಾದಲ್ಲಿ, 17ರಂದು ಟೋಕಿಯೋದ ಬುಡೋಕನ್ ಸಭಾಂಗಣದಲ್ಲಿ ನಡೆದ ಮೂರು ಕಚೇರಿಗಳನ್ನು ಎಂಟು ಟ್ರ್ಯಾಕಿನ ಯಂತ್ರದಲ್ಲಿ ಮುದ್ರಿಸಿಕೊಳ್ಳಲಾಯಿತು. ಆನಂತರ ಸ್ಟುಡಿಯೋದಲ್ಲಿ ತಪ್ಪು ತಿದ್ದಿ ಮೇಲಿಂದ ಏನನ್ನೂ ನುಡಿಸಿ ಸೇರಿಸಲಿಲ್ಲ. ಕೇಳುವವನಿಗೆ ಬಹಳ ಮುಖ್ಯವಾದ ಸಂಗತಿ ಇದು: ನಿಮ್ಮ ಕಿವಿಗೆ ಬೀಳುವ ಪ್ರತಿಯೊಂದು ಸ್ವರವೂ ಆ ಮೂರು ರಾತ್ರಿಗಳಲ್ಲಿ ಒಂದರಲ್ಲಿ, ಸಭಿಕರ ಎದುರಿಗೇ, ಹಿಂದಿರುಗಿ ತಿದ್ದಲಾಗದಂತೆ ಹೊರಟದ್ದು.

ಯಾವ ಪ್ರತಿಯನ್ನು ಕೇಳಬೇಕೆಂಬ ಪ್ರಶ್ನೆಗೆ ನನ್ನ ಉತ್ತರ ಸರಳ. ಮೊದಲ ಬಾರಿಗೆ ಏಳು ಹಾಡುಗಳ ಮೂಲ ಆಲ್ಬಮನ್ನೇ ಕೇಳಿ. 1998ರ ಆವೃತ್ತಿಯಲ್ಲಿ ಕಚೇರಿಯ ಕೊನೆಗೆ ನುಡಿಸಿದ ಹೆಚ್ಚುವರಿ ಹಾಡುಗಳಿವೆ, 2014ರದು ಹೊಸದಾಗಿ ಧ್ವನಿ ಹೊಂದಿಸಿದ್ದು. ಎರಡೂ ಒಳ್ಳೆಯವೇ, ಆದರೆ ಅವು ಎರಡನೆಯ ಓದಿಗೆ. ಫೋನಿನ ಆ್ಯಪ್‌ನಲ್ಲಿ ಕೇಳುವವರು ಹಾಡುಗಳ ಕ್ರಮ ಕಲಸುವ ಷಫಲ್ ಗುಂಡಿಯನ್ನೂ, ಒಂದು ಹಾಡಿನ ಬಾಲವನ್ನು ಇನ್ನೊಂದರ ತಲೆಗೆ ಬೆಸೆಯುವ ಕ್ರಾಸ್‌ಫೇಡ್ ಸೌಲಭ್ಯವನ್ನೂ ಮೊದಲೇ ಆರಿಸಿರಬೇಕು. ಹಾಡುಗಳ ನಡುವಿನ ಚಪ್ಪಾಳೆ, ಗಿಲನ್ ಅವರ ನಾಲ್ಕು ಮಾತು, ತಂತಿ ಶ್ರುತಿ ಮಾಡುವ ಸದ್ದು ಇವೆಲ್ಲ ಆಲ್ಬಮಿನ ಭಾಗಗಳೇ. ಬೇಸ್ ಹೆಚ್ಚಿಸುವ ಗುಂಡಿಯನ್ನಂತೂ ಮುಟ್ಟಲೇಬಾರದು. ಗ್ಲೋವರ್ ಅವರ ಬೇಸ್ ಗಿಟಾರ್ ಇಲ್ಲಿ ಸ್ಪಷ್ಟವಾಗಿಯೇ ಇದೆ, ಅದನ್ನು ಉಬ್ಬಿಸಿದರೆ ಪೇಸ್ ಅವರ ಸಣ್ಣ ಪೆಟ್ಟುಗಳೆಲ್ಲ ಅದರ ಕೆಳಗೆ ಮುಚ್ಚಿಹೋಗುತ್ತವೆ.

ಸಲಕರಣೆಯ ವಿಷಯದಲ್ಲಿ ಒಂದೇ ಒಂದು ಪಟ್ಟು ಹಿಡಿಯುತ್ತೇನೆ: ಎಡ ಬಲ ಎರಡು ಸ್ಪೀಕರ್ ಇರಬೇಕು, ಇಲ್ಲವೇ ಒಳ್ಳೆಯ ಹೆಡ್‌ಫೋನ್ ಇರಬೇಕು. ಜಗುಲಿಯ ಕಂಬಕ್ಕೆ ತೂಗುಹಾಕುವ ಒಂಟಿ ಬ್ಲೂಟೂತ್ ಸ್ಪೀಕರ್ ಭಜನೆಗೆ ಸಾಕಾದೀತು, ಇದಕ್ಕೆ ಸಾಲದು. ಕಾರಣ ಹೀಗಿದೆ. ಹ್ಯಾಮಂಡ್ ಆರ್ಗನ್ ಚರ್ಚುಗಳಲ್ಲಿಯೂ ಜಾಝ್ ಕ್ಲಬ್ಬುಗಳಲ್ಲಿಯೂ ಮೃದುವಾಗಿ ನುಡಿಯುವ ವಾದ್ಯ. ಜಾನ್ ಲಾರ್ಡ್ ಅದನ್ನು ಗಿಟಾರಿಗೆಂದು ಮಾಡಿದ ಮಾರ್ಷಲ್ ಆಂಪ್ಲಿಫೈಯರುಗಳ ಮೂಲಕ ಹಾಯಿಸಿ, ಧ್ವನಿ ಒಡೆದು ಗುರುಗುಟ್ಟುವಂತೆ ಮಾಡಿದರು. ಹೀಗಾಗಿ ಆರ್ಗನ್ ಮತ್ತು ಗಿಟಾರ್ ಒಂದೇ ಜಾತಿಯ ಕಂಠದಲ್ಲಿ ಮಾತನಾಡುತ್ತವೆ, ಹೊಸಬರಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಈ ಆಲ್ಬಮಿನಲ್ಲಿ ಒಂದು ವಾದ್ಯವನ್ನು ಒಂದು ಬದಿಗೂ ಇನ್ನೊಂದನ್ನು ಇನ್ನೊಂದು ಬದಿಗೂ ವಾಲಿಸಿ ಇಟ್ಟಿದ್ದಾರೆ. ಹೆಡ್‌ಫೋನ್ ಹಾಕಿಕೊಂಡು ಒಂದು ಕಿವಿಯದನ್ನು ಎರಡು ನಿಮಿಷ ತೆಗೆದು, ಆಮೇಲೆ ಇನ್ನೊಂದರದನ್ನು ತೆಗೆದು ನೋಡಿ. ಲಾರ್ಡ್ ಎಲ್ಲಿ ನಿಂತಿದ್ದಾರೆ, ಬ್ಲ್ಯಾಕ್‌ಮೋರ್ ಎಲ್ಲಿ ನಿಂತಿದ್ದಾರೆ ಎಂಬುದು ಮನಸ್ಸಿನಲ್ಲಿ ನೆಲೆಯಾದ ಮೇಲೆ ಮುಂದಿನದೆಲ್ಲ ಸುಲಭ. ಎರಡೂ ಒಂಟಿ ಸ್ಪೀಕರಿನೊಳಗೆ ಬೆರೆತುಹೋದರೆ, ಅರ್ಥಧಾರಿಗಳಿಬ್ಬರು ಒಟ್ಟಿಗೇ ಮಾತನಾಡಿದ ಹಾಗೆ ಬರೀ ಗದ್ದಲ ಕೇಳಿಸುತ್ತದೆ.

ಎಲ್‌ಪಿ ತಟ್ಟೆಯಲ್ಲಿಯೇ ಕೇಳುವ ಆಸೆ ಇರುವವರಿಗೆ ನಮ್ಮ ಜಿಲ್ಲೆಯ ಹವೆಯ ಕುರಿತು ಹೇಳದೆ ಇರಲಾರೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆ ಮಳೆಗಾಲದ ತೇವಕ್ಕೆ ತಟ್ಟೆಯ ಗೀರುಗಳಲ್ಲಿ ಬೂಷ್ಟು ಹಿಡಿಯುತ್ತದೆ. ಘಟ್ಟದ ಕೆಳಗೆ ಕಾರವಾರ, ಅಂಕೋಲೆಗಳಲ್ಲಿ ಇದರ ಜೊತೆಗೆ ಉಪ್ಪುಗಾಳಿ ವೈರುಗಳ ತುದಿಗಳನ್ನು ತುಕ್ಕು ಹಿಡಿಸುತ್ತದೆ. ಬೂಷ್ಟು ಹಿಡಿದ ತಟ್ಟೆಯನ್ನು ಹಾಗೆಯೇ ನುಡಿಸಿದರೆ ಮುಳ್ಳು ಕೊಳೆಯನ್ನು ಗೀರಿನೊಳಗೆ ಇನ್ನಷ್ಟು ಒತ್ತುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿಗೆ ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಬೆರೆಸಿ, ಮೆತ್ತನೆಯ ಬಟ್ಟೆಯಿಂದ ಗೀರುಗಳ ದಿಕ್ಕಿನಲ್ಲಿಯೇ ಸುತ್ತ ಒರೆಸಿ, ಬರಿಯ ಡಿಸ್ಟಿಲ್ಡ್ ವಾಟರಿನಿಂದ ಇನ್ನೊಮ್ಮೆ ಒರೆಸಿ, ನೆರಳಿನಲ್ಲಿ ನಿಲ್ಲಿಸಿ ಒಣಗಿಸಬೇಕು. ನಡುವಿನ ಕಾಗದದ ಲೇಬಲ್ಲಿಗೆ ನೀರು ತಾಗಬಾರದು. ಹಳೆಯ ಒಳಕವಚದ ಕಾಗದದಲ್ಲಿಯೂ ಬೂಷ್ಟಿನ ಬೀಜವಿರುವುದರಿಂದ ಅದನ್ನು ಬಿಸಾಡಿ ಹೊಸದನ್ನು ಹಾಕಬೇಕು. ಅಜ್ಜನ ಕಾಲದ 78 ಸುತ್ತಿನ ತಟ್ಟೆಗಳನ್ನು ನುಡಿಸಿದ ದಪ್ಪ ಮುಳ್ಳನ್ನು ಎಲ್‌ಪಿಯ ಮೇಲೆ ಎಂದಿಗೂ ಇಳಿಸಕೂಡದು. ಎಲ್‌ಪಿಯ ಗೀರು ಅದಕ್ಕಿಂತ ತುಂಬಾ ಕಿರಿದು, ಒಮ್ಮೆ ಹರಿದರೆ ಸರಿಯಾಗುವುದಿಲ್ಲ. ನಮ್ಮ ಮನೆಯಲ್ಲಿ ಒಂದು ತಟ್ಟೆ ಹೀಗೆಯೇ ಹಾಳಾಯಿತು, ಅದರ ದುಃಖ ನನಗೆ ಇನ್ನೂ ಇದೆ.

ಕರೆಂಟಿನ ವಿಷಯವೂ ಹೀಗೆಯೇ. ಅಗ್ಗದ ಚೌಕ ಅಲೆಯ ಇನ್ವರ್ಟರಿನ ಮೇಲೆ ಆಂಪ್ಲಿಫೈಯರ್ ನಡೆಸಿದರೆ ಹಾಡಿನುದ್ದಕ್ಕೂ ಗುಂಯ್ ಎನ್ನುವ ಸದ್ದು ಬರುತ್ತದೆ. ಸೈನ್ ವೇವ್ ಇನ್ವರ್ಟರ್ ಇಲ್ಲದಿದ್ದರೆ ಬ್ಯಾಟರಿಯ ಮೇಲೆ ನಡೆಯುವ ಸಾಧನದಲ್ಲಿ ಕೇಳುವುದೇ ಲೇಸು. ಕರೆಂಟು ಇದ್ದಾಗಲೂ ಸದ್ದು ಬಂದರೆ ಟರ್ನ್‌ಟೇಬಲ್‌ನಿಂದ ಆಂಪ್ಲಿಫೈಯರಿಗೆ ಹೋಗುವ ಅರ್ಥಿಂಗ್ ತಂತಿ ಸಡಿಲವಾಗಿದೆಯೇ, ತುಕ್ಕು ಹಿಡಿದಿದೆಯೇ ಎಂದು ನೋಡಬೇಕು.

ಕೇಳುವ ಕಾಲ ಯಾವುದು? ಆಷಾಢದ ಸಂಜೆ ಎಂದು ನಿಮಗೆ ಅನ್ನಿಸಬಹುದು, ನನಗೂ ಅನ್ನಿಸಿತ್ತು. ಆದರೆ ಹಂಚಿನ ಮೇಲೆ ಮಳೆ ಹೊಡೆಯುತ್ತಿರುವಾಗ ಎರಡನೆಯ ಹಾಡಾದ ‘ಚೈಲ್ಡ್ ಇನ್ ಟೈಮ್’ನ ಮೆಲ್ಲಗಿನ ಮೊದಲ ಮೂರು ನಿಮಿಷ ಕೇಳಿಸುವುದೇ ಇಲ್ಲ. ತಗಡಿನ ಮಾಡಾದರಂತೂ ಮುಗಿಯಿತು. ಅಡಕೆಯ ಕೊನೆ ಕೊಯ್ಲು ಒಂದು ಹಂತಕ್ಕೆ ಬಂದ ಮೇಲಿನ ಚಳಿಗಾಲದ ರಾತ್ರಿಯೇ ಉತ್ತಮ. ಇಡೀ ಆಲ್ಬಂ ಸುಮಾರು 76 ನಿಮಿಷಗಳದ್ದು. ಊಟ ಮುಗಿಸಿ ಕುಳಿತರೆ ಮಲಗುವ ಹೊತ್ತಿಗೆ ಮುಗಿಯುತ್ತದೆ. ಮೂರ್ನಾಲ್ಕು ಜನ ಸೇರಿದರೆ ಇನ್ನೂ ಒಳ್ಳೆಯದು, ಅವರೆಲ್ಲ ರಾಕ್ ಬಲ್ಲವರೇ ಆಗಿರಬೇಕೆಂದಿಲ್ಲ. ಧ್ವನಿಯ ಮಟ್ಟವನ್ನು ಮೊದಲೇ ಗೊತ್ತುಮಾಡಿಕೊಳ್ಳಲು ಎರಡನೆಯ ಹಾಡಿನ ಆರಂಭವನ್ನು ಅರ್ಧ ನಿಮಿಷ ಹಾಕಿ, ಪೇಸ್ ಅವರ ಕೋಲು ಸಿಂಬಲ್ ಎಂಬ ಲೋಹದ ತಾಳದ ಮೇಲೆ ಮೆಲ್ಲಗೆ ಆಡುವುದು ಕುಳಿತಲ್ಲಿಗೆ ಕೇಳುವಷ್ಟು ಏರಿಸಿ, ಆಮೇಲೆ ಕೊನೆಯತನಕ ಗುಂಡಿಯನ್ನು ಮುಟ್ಟದೆ ಬಿಡಬೇಕು. ಮೆಲ್ಲಗಿರುವುದು ಮೆಲ್ಲಗೆಯೂ ಜೋರಾಗಿರುವುದು ಜೋರಾಗಿಯೂ ಉಳಿದರೆ ಮಾತ್ರ ಈ ಆಲ್ಬಮಿನ ಏರಿಳಿತ ದಕ್ಕುತ್ತದೆ.

ಮೂಲದಲ್ಲಿ ಇದು ಎರಡು ತಟ್ಟೆಗಳ, ನಾಲ್ಕು ಮಗ್ಗುಲುಗಳ ಆಲ್ಬಂ. ಆ್ಯಪ್‌ನಲ್ಲಿ ಕೇಳುವವರೂ ಮಗ್ಗುಲು ಮುಗಿದಾಗ ಎರಡು ನಿಮಿಷ ನಿಲ್ಲಿಸಿ, ಒಂದು ಲೋಟ ನೀರು ಕುಡಿದು ಮುಂದುವರಿಯಲಿ. ಮೊದಲ ಮಗ್ಗುಲಿನಲ್ಲಿ ‘ಹೈವೇ ಸ್ಟಾರ್’ ಮತ್ತು ‘ಚೈಲ್ಡ್ ಇನ್ ಟೈಮ್’ ಇವೆ. ಮೊದಲನೆಯದರಲ್ಲಿ ಹೆಚ್ಚು ಹುಡುಕಬೇಕಾದ್ದಿಲ್ಲ. ಡ್ರಮ್ಸ್ ಒಂದೇ ಸಮನೆ ಬಡಿಯುತ್ತಿರುವಾಗ ಒಂದೊಂದೇ ವಾದ್ಯ ಬಂದು ಸೇರುವುದನ್ನೂ, ಮೊದಲು ಆರ್ಗನ್ನಿಗೆ, ಆಮೇಲೆ ಗಿಟಾರಿಗೆ ದೀರ್ಘವಾದ ಸರದಿ ಸಿಗುವುದನ್ನೂ ಗಮನಿಸಿದರೆ ಸಾಕು. ‘ಚೈಲ್ಡ್ ಇನ್ ಟೈಮ್’ ಹಾಗಲ್ಲ. ಅದರ ಆರ್ಗನ್ನಿನ ಧಾಟಿ ಇಟ್ಸ್ ಎ ಬ್ಯೂಟಿಫುಲ್ ಡೇ ಎಂಬ ಅಮೆರಿಕದ ತಂಡದ ‘ಬಾಂಬೆ ಕಾಲಿಂಗ್’ ಎಂಬ ರಚನೆಯಿಂದ ಬಂದದ್ದು. ಗಿಲನ್ ತೀರ ತಗ್ಗಿನಿಂದ ಹೊರಟು, ಮಾತು ಬಿಟ್ಟು ಬರಿಯ ಸ್ವರ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ತಾರಸ್ಥಾಯಿಗೆ ಹೋಗಿ ಚೀರುತ್ತಾರೆ. ಆ ಚೀರಿಗೆ ಕಿವಿ ಮುಚ್ಚಿಕೊಳ್ಳುವ ಮುನ್ನ ಅದು ಎಲ್ಲಿಂದ ಹೊರಟಿತೆಂಬುದನ್ನು ನೆನಪಿನಲ್ಲಿ ಇಟ್ಟುಕೊಂಡಿರಬೇಕು. ಹನ್ನೆರಡು ನಿಮಿಷಗಳ ಆ ಹಾಡಿನಲ್ಲಿ ಏರುವ ದಾರಿಯೇ ಮುಖ್ಯ.

ಎರಡನೆಯ ಮಗ್ಗುಲು ‘ಸ್ಮೋಕ್ ಆನ್ ದ ವಾಟರ್’ನಿಂದ ಆರಂಭವಾಗುತ್ತದೆ. 1971ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮಾಂಟ್ರೋ ಪಟ್ಟಣದ ಕ್ಯಾಸಿನೊದಲ್ಲಿ ಅಮೆರಿಕದ ರಾಕ್ ಸಂಗೀತಗಾರ ಫ್ರ್ಯಾಂಕ್ ಝಪ್ಪಾ ಅವರ ಕಚೇರಿ ನಡೆಯುತ್ತಿದ್ದಾಗ ಸಭಿಕನೊಬ್ಬ ಹಾರಿಸಿದ ಬೆಂಕಿಯ ಬಾಣದಿಂದ ಕಟ್ಟಡವೇ ಸುಟ್ಟುಹೋಯಿತು. ಅಲ್ಲಿ ಧ್ವನಿಮುದ್ರಣ ಮಾಡಬೇಕೆಂದು ಬಂದಿದ್ದ ಡೀಪ್ ಪರ್ಪಲ್ ತಂಡ ಸರೋವರದ ಮೇಲೆ ಹೊಗೆ ಹರಡುವುದನ್ನು ಕಂಡು ಕಟ್ಟಿದ ಹಾಡು ಇದು. ಗಿಟಾರ್ ಹಿಡಿದ ಪ್ರತಿಯೊಬ್ಬ ಹುಡುಗನೂ ಮೊದಲು ಕಲಿಯುವ ಆ ನಾಲ್ಕು ಸ್ವರಗಳ ನುಡಿಯನ್ನು ಬ್ಲ್ಯಾಕ್‌ಮೋರ್ ಇಲ್ಲಿ ಆರಂಭದಲ್ಲಿ ಸ್ವಲ್ಪ ಬೇರೆಯಾಗಿ ಎತ್ತುತ್ತಾರೆ, ಹಾಡಿನ ಕೊನೆಗೆ ಆರ್ಗನ್ನಿನೊಡನೆ ಕೊಟ್ಟು ತೆಗೆದುಕೊಳ್ಳುವ ಆಟಕ್ಕೆ ಇಳಿಯುತ್ತಾರೆ. ಅದರ ಹಿಂದೆ ಬರುವ ‘ದ ಮ್ಯೂಲ್’ ಹೆಚ್ಚಿನ ಪಾಲು ಪೇಸ್ ಒಬ್ಬರದೇ. ಎಡಗೈ ಆಟಗಾರರಾದ ಅವರು ಉಳಿದವರೆಲ್ಲ ಸುಮ್ಮನಾದ ಮೇಲೆ ಹಲವು ನಿಮಿಷ ಒಬ್ಬರೇ ನುಡಿಸುತ್ತಾರೆ. ರಾಕ್ ಕೇಳುವವರಲ್ಲಿ ಅನೇಕರು ಇದನ್ನು ಹಾರಿಸುತ್ತಾರೆ. ನಮ್ಮ ಕಡೆಯವರು ಹಾರಿಸಬಾರದು. ಒಮ್ಮೆ ನಮ್ಮ ಜಗುಲಿಗೆ ಬಂದಿದ್ದ ಮದ್ದಳೆ ನುಡಿಸುವ ಹಿರಿಯರೊಬ್ಬರು, ಅಷ್ಟು ಹೊತ್ತು ಗೋಡೆಗೆ ಒರಗಿ ಕುಳಿತಿದ್ದವರು, ಇಲ್ಲಿಗೆ ಬಂದಾಗ ನೆಟ್ಟಗೆ ಕುಳಿತು ಮೊಳಕಾಲಿನ ಮೇಲೆ ಬೆರಳಾಡಿಸತೊಡಗಿದರು. ಮುಗಿದ ಮೇಲೆ, “ತಾಳ ಒಂಚೂರೂ ತಪ್ಪಿದ್ದಿಲ್ಲೆ ನೋಡು ತಮಾ” ಎಂದರು. ಆ ಮೇಲೆ ಅವರೇ ಹೇಳಿಕೊಟ್ಟ ಉಪಾಯವನ್ನು ನಿಮಗೂ ಹೇಳುತ್ತೇನೆ: ಬಲವಾದ ಪೆಟ್ಟುಗಳನ್ನು ಹಿಂಬಾಲಿಸದೆ, ಅವುಗಳ ನಡುವೆ ಸಣ್ಣದಾಗಿ ಓಡುವ ಪೆಟ್ಟುಗಳನ್ನು ಹಿಡಿದುಕೊಂಡರೆ ನಡೆ ಕೈತಪ್ಪುವುದಿಲ್ಲ.

ಮೂರನೆಯ ಮಗ್ಗುಲಿಗಾಗಿಯೇ ನಾನು ಈ ಲೇಖನ ಬರೆಯಲು ಕುಳಿತದ್ದು. ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’ ಸ್ಟುಡಿಯೋದಲ್ಲಿ ನಾಲ್ಕು ನಿಮಿಷವೂ ಇಲ್ಲದ ಸಾಧಾರಣ ಹಾಡು. ಒಸಾಕಾದಲ್ಲಿ ಅದು ಹತ್ತು ನಿಮಿಷದ ಸಮೀಪಕ್ಕೆ ಬೆಳೆಯಿತು. ಬೆಳೆದದ್ದು ನಡುವೆ ನಡೆಯುವ ಸವಾಲ್ ಜವಾಬಿನಿಂದ. ಬ್ಲ್ಯಾಕ್‌ಮೋರ್ ಗಿಟಾರಿನಲ್ಲಿ ಒಂದು ಸಣ್ಣ ತುಣುಕು ನುಡಿಸುತ್ತಾರೆ, ಗಿಲನ್ ಅದನ್ನು ಗಂಟಲಿನಲ್ಲಿ ಒಪ್ಪಿಸುತ್ತಾರೆ. ಮೊದಲಿಗೆ ಎರಡು ಮೂರು ಸ್ವರ, ಆಮೇಲೆ ಉದ್ದ, ಆಮೇಲೆ ತಂತಿ ಎಳೆದು ಜಾರಿಸಿದ ಸ್ವರ, ಆಮೇಲೆ ಮನುಷ್ಯನ ಗಂಟಲಿಗೆ ಎಟುಕದ ಎತ್ತರ. ತಾಳಮದ್ದಳೆಯಲ್ಲಿ ಎದುರಾಳಿ ಇಟ್ಟ ಪ್ರಶ್ನೆಯನ್ನು ಅದರ ಮಾತುಗಳಿಂದಲೇ ತಿರುಗಿಸಿ ಉತ್ತರ ಕೊಡುವ ಅರ್ಥಧಾರಿಯನ್ನು ನೀವು ಕೇಳಿದ್ದರೆ, ಇಲ್ಲಿ ಏನು ನಡೆಯುತ್ತಿದೆ ಎಂದು ಯಾರೂ ವಿವರಿಸಬೇಕಾಗಿಲ್ಲ. ಕೇಳುವ ಕ್ರಮ ಹೀಗಿರಲಿ: ಮೊದಲ ಸಲ ಗಿಲನ್ ಅವರನ್ನು ಬಿಟ್ಟು ಗಿಟಾರನ್ನು ಮಾತ್ರ ಗಮನಿಸಿ, ಪ್ರತಿ ತುಣುಕು ಮುಗಿದೊಡನೆ ಉತ್ತರ ಹೇಗಿರಬಹುದೆಂದು ನೀವೇ ಮನಸ್ಸಿನಲ್ಲಿ ಹಾಡಿಕೊಳ್ಳಿ. ಎರಡನೆಯ ಸಲ ಗಿಲನ್ ಅವರ ಉತ್ತರವನ್ನು ನಿಮ್ಮ ಉತ್ತರದ ಪಕ್ಕಕ್ಕೆ ಇಟ್ಟು ನೋಡಿ. ಅವರು ಬರೀ ನಕಲು ಮಾಡುವುದಿಲ್ಲ, ಕೆಲವೆಡೆ ತುದಿಯಲ್ಲಿ ತಮ್ಮದೊಂದು ತಿರುವು ಸೇರಿಸಿ ಹಿಂದಕ್ಕೆ ಕಳಿಸುತ್ತಾರೆ. ಕೊನೆಗೆ ವಾದ್ಯಗಳೆಲ್ಲ ನಿಂತು, ಒಂಟಿ ಕೂಗೊಂದು ಉಸಿರಿರುವಷ್ಟು ಹೊತ್ತು ನಿಂತು, ಹಾಡು ಮರಳಿ ತನ್ನ ಪಲ್ಲವಿಗೆ ಬಂದು ಸೇರುತ್ತದೆ.

ಅದೇ ಮಗ್ಗುಲಿನ ‘ಲೇಝಿ’ಯನ್ನು ಟೋಕಿಯೋದ ಕಚೇರಿಯಿಂದ ಆರಿಸಿದ್ದಾರೆ. ಲಾರ್ಡ್ ಮೊದಲು ಆರ್ಗನ್ನಿನಿಂದ ಗುಡುಗಿನಂಥ, ಕಬ್ಬಿಣ ಉಜ್ಜಿದಂಥ ಸದ್ದುಗಳನ್ನು ಹೊರಡಿಸಿ, ಅದರೊಳಗಿಂದ ನಿಧಾನವಾಗಿ ಒಂದು ನಡೆಯನ್ನು ಎಳೆದು ತರುತ್ತಾರೆ. ಗಿಲನ್ ಇಲ್ಲಿ ಹಾರ್ಮೋನಿಕಾ ಊದುತ್ತಾರೆ. ಬ್ಲೂಸ್ ಶೈಲಿಯ, ತೂಗಾಡುವ ಲಯದ ಈ ಹಾಡಿನಲ್ಲಿ ಗ್ಲೋವರ್ ಅವರ ಬೇಸ್ ಗಿಟಾರನ್ನು ಹಿಂಬಾಲಿಸುವುದು ಹಿತವಾದ ಅಭ್ಯಾಸ. ಉಳಿದ ನಾಲ್ವರು ಎಲ್ಲೆಲ್ಲಿಗೋ ಹೋಗಿ ಬರುವಾಗ ಮನೆಯಲ್ಲಿ ದೀಪ ಕಾಯುತ್ತಾ ಕುಳಿತವರು ಅವರು.

ನಾಲ್ಕನೆಯ ಮಗ್ಗುಲು ಪೂರ್ತಿ ‘ಸ್ಪೇಸ್ ಟ್ರಕಿನ್’ ಒಂದರದೇ. ಸ್ಟುಡಿಯೋದಲ್ಲಿ ನಾಲ್ಕೂವರೆ ನಿಮಿಷದ ಹಾಡು ಇಲ್ಲಿ ಸುಮಾರು 20 ನಿಮಿಷ. ಮೊದಲ ಐದು ನಿಮಿಷಗಳಲ್ಲಿ ಹಾಡು ಮುಗಿದು, ಉಳಿದದ್ದೆಲ್ಲ ಬಯಲಾಟ. ಬಹಳ ಜನ ದಾರಿ ತಪ್ಪುವ ಜಾಗ ಇದೇ ಆದ್ದರಿಂದ ಕೆಲವು ಗುರುತುಗಳನ್ನು ಹೇಳಿಬಿಡುತ್ತೇನೆ. ಲಾರ್ಡ್ ಅವರ ಆರ್ಗನ್ ವಾದನದ ನಡುವೆ ಇಂಗ್ಲೆಂಡಿನ ಸಂಯೋಜಕ ಹೋಲ್ಸ್ಟ್ ಅವರು ಗುರುಗ್ರಹದ ಹೆಸರಿನಲ್ಲಿ ರಚಿಸಿದ ಸಂಗೀತದ ಒಂದು ಎಳೆ ಇಣುಕಿ ಹೋಗುತ್ತದೆ. ಶಾಸ್ತ್ರೀಯ ಸಂಗೀತ ಕಲಿತವರಾದ ಲಾರ್ಡ್ ಅವರಿಗೆ ಅದು ಸಹಜ. ಮುಂದೆ ಎಲ್ಲವೂ ತಣ್ಣಗಾಗಿ, ಬ್ಲ್ಯಾಕ್‌ಮೋರ್ ಗಿಟಾರಿನ ಧ್ವನಿಯ ಗುಂಡಿಯನ್ನು ಕಿರುಬೆರಳಿನಿಂದ ತಿರುಗಿಸುತ್ತ, ತಂತಿ ಮೀಟಿದ ಪೆಟ್ಟು ಕೇಳದೆ ನಾದ ಮಾತ್ರ ಉಬ್ಬಿ ಬರುವಂತೆ ನುಡಿಸುತ್ತಾರೆ; ಕಮಾನಿನಿಂದ ಎಳೆದ ವಾದ್ಯದಂತೆ ಕೇಳಿಸುವ ಆ ಭಾಗದಲ್ಲಿ ಜಪಾನಿನ ಸಭಿಕರು ಉಸಿರು ಹಿಡಿದು ಕುಳಿತಿರುವುದು ಸಹ ಅರಿವಿಗೆ ಬರುತ್ತದೆ. ಅಲ್ಲಿಂದ ಮುಂದೆ ವೇಗ ಏರಿ, ಕೊನೆಗೆ ಸ್ವರ ತಾಳಗಳು ಒಡೆದು, ಬರಿಯ ಶಬ್ದವಾಗಿ ಮುಗಿಯುತ್ತದೆ. ಆ ಕೊನೆಯ ಗದ್ದಲವನ್ನು ಒಂಟಿಯಾಗಿ ಕೇಳಿದರೆ ಅರ್ಥವಿಲ್ಲವೆನಿಸೀತು, ತಣ್ಣಗಿನ ಭಾಗವನ್ನು ಪೂರ್ತಿ ಕೇಳಿ ಅಲ್ಲಿಗೆ ಬಂದವರಿಗೆ ಹಾಗೆ ಅನ್ನಿಸುವುದಿಲ್ಲ.

ಮಾರನೆಯ ದಿನವೋ ಮುಂದಿನ ವಾರವೋ ಸ್ಟುಡಿಯೋದ ಹಾಡುಗಳನ್ನು ಕೇಳಬೇಕು. ಏಳರಲ್ಲಿ ನಾಲ್ಕು 1972ರ ‘ಮಷಿನ್ ಹೆಡ್’ ಆಲ್ಬಮಿನವು, ‘ಚೈಲ್ಡ್ ಇನ್ ಟೈಮ್’ 1970ರದು, ‘ದ ಮ್ಯೂಲ್’ ಮತ್ತು ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’ 1971ರವು. ಸಾಮಾನ್ಯವಾಗಿ ಜನ ಸ್ಟುಡಿಯೋದ್ದನ್ನು ಮೊದಲು ಕೇಳಿ ಆಮೇಲೆ ಕಚೇರಿಗೆ ಬರುತ್ತಾರೆ. ನಾನು ತಿರುಗಿಸಿ ಹೇಳುತ್ತಿರುವುದಕ್ಕೆ ಕಾರಣವಿದೆ: ಮೊದಲು ಸ್ಟುಡಿಯೋದ ಹಾಡು ಕಿವಿಯಲ್ಲಿ ಕುಳಿತರೆ ಕಚೇರಿಯ ಹಿಗ್ಗುವಿಕೆಯೆಲ್ಲ ಹೆಚ್ಚುವರಿ ಎಂದು ತೋರುತ್ತದೆ; ಕಚೇರಿಯನ್ನು ಮೊದಲು ಕೇಳಿದವರಿಗೆ ಸ್ಟುಡಿಯೋದ ಹಾಡು ಪ್ರಸಂಗದ ಪುಸ್ತಕ ತೆರೆದು ಪದ್ಯ ಓದಿದಂತೆ ಸ್ವಚ್ಛವಾಗಿ ಕಾಣುತ್ತದೆ.

ಇಷ್ಟಾದ ಮೇಲೆ ರುಚಿ ಹತ್ತಿದ್ದರೆ, ಮೂರೂ ರಾತ್ರಿಗಳ ಹಾಡುಗಳನ್ನು ಒಳಗೊಂಡ ‘ಲೈವ್ ಇನ್ ಜಪಾನ್’ ಎಂಬ 1993ರ ಮೂರು ಸಿಡಿಗಳ ಪೆಟ್ಟಿಗೆ ಅಥವಾ 2014ರ ದೊಡ್ಡ ಆವೃತ್ತಿ ಹುಡುಕಿಕೊಳ್ಳಿ. ಅದನ್ನು ಕಚೇರಿಯ ಕ್ರಮದಲ್ಲಿ ಕೇಳದೆ, ಒಂದು ಸಂಜೆಗೆ ಒಂದೇ ಹಾಡು ಎಂದು ಗೊತ್ತುಮಾಡಿ, 15, 16 ಮತ್ತು 17ರ ರಾತ್ರಿಗಳಲ್ಲಿ ಅದೇ ಹಾಡನ್ನು ಸಾಲಾಗಿ ಹಾಕಿ. ನಮ್ಮ ಮನೆಯಲ್ಲಿ ಮೊದಲು ಹಾಗೆ ಕೇಳಿದ್ದು ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’ನ್ನೇ. ಕಾಗದದ ಮೇಲೆ ಮೂರು ಅಂಕಣ ಬರೆದುಕೊಂಡು, ಗಿಟಾರ್ ಇಟ್ಟ ಪ್ರಶ್ನೆಗಳಲ್ಲಿ ಯಾವುವು ಮೂರೂ ರಾತ್ರಿ ಬಂದವು, ಯಾವುವು ಒಂದೇ ರಾತ್ರಿಯವು ಎಂದು ಗುರುತು ಹಾಕುತ್ತ ಹೋದೆವು. ಮದ್ದಳೆಯ ಹಿರಿಯರೂ ಪಕ್ಕದಲ್ಲಿ ಕುಳಿತು, ಅಲ್ಲಲ್ಲಿ ನಮ್ಮ ಗುರುತು ತಪ್ಪಿದ್ದನ್ನು ತಿದ್ದಿದರು.